ಮೀನಿಗೊಂದು ಅಧ್ಯಾಯ ಬರೆದ ಚಕ್ರವರ್ತಿ ಸೋಮೇಶ್ವರ: ಮನೆಯಲ್ಲಿ ಪಫರ್ ಮೀನು ಸಾಕುವ ಮುನ್ನ ತಿಳಿಯಬೇಕಾದ ಕಥೆ

ದುಂಡು ಕಣ್ಣಿನ ಪುಟ್ಟ ಮೀನೊಂದು ನೋಡನೋಡುತ್ತಿದ್ದಂತೆ ಚೆಂಡಿನಂತೆ ಉಬ್ಬುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದೇ ಪಫರ್ ಮೀನು. ವಿಡಿಯೊ ನೋಡಿದ ಮಕ್ಕಳು ನಮ್ಮ ಮನೆಗೂ ಒಂದು ತರೋಣ ಎಂದು ಹಟ ಹಿಡಿಯುತ್ತಾರೆ. ದೊಡ್ಡ ಊರಿನ ಅಕ್ವೇರಿಯಂ ಅಂಗಡಿಗಳಲ್ಲಿ ಇದು ಮಾರಾಟಕ್ಕೂ ಸಿಗುತ್ತದೆ. ಆದರೆ ಇದರಲ್ಲಿ ಬಹುಪಾಲು ಜಾತಿಗಳು ಕಡಲಿನವು. ಹಾವೇರಿ ಜಿಲ್ಲೆಯ ಗುತ್ತಲದಿಂದ ಸಮುದ್ರ ನೋಡಬೇಕೆಂದರೆ 150 ಕಿ.ಮೀ.ಗಿಂತ ಹೆಚ್ಚು ದೂರ ಹೋಗಬೇಕು. ಅಂಥ ಊರಿನಲ್ಲಿ ಉಪ್ಪು ನೀರಿನ ಮೀನನ್ನು ಸಾಕಬಹುದೇ?

ಸಾಕಬಹುದು. ಆದರೆ ಮೀನಿನ ಇಷ್ಟದಂತೆ ಸಾಕಬೇಕು, ನಮ್ಮ ಅನುಕೂಲದಂತೆ ಅಲ್ಲ. ಈ ಮಾತು ಹೊಸದೇನಲ್ಲ. ಸುಮಾರು 900 ವರ್ಷಗಳ ಹಿಂದೆ ಗುತ್ತಲವೂ ಸೇರಿದಂತೆ ಇಡೀ ಕನ್ನಡ ನಾಡಿನ ಬಹುಭಾಗವನ್ನು ಆಳಿದ ದೊರೆಯೊಬ್ಬ ಮೀನುಗಳನ್ನು ಹೇಗೆ ಗುರುತಿಸಬೇಕು, ಯಾವುದಕ್ಕೆ ಏನು ತಿನ್ನಿಸಬೇಕು ಎಂದು ಬರೆದಿಟ್ಟಿದ್ದಾನೆ. ಆತನ ಹೆಸರು ಮೂರನೇ ಸೋಮೇಶ್ವರ. ಮೊದಲು ಆತನ ಬದುಕನ್ನು ನೋಡೋಣ, ಜೊತೆಜೊತೆಗೆ ಪಫರ್ ಮೀನಿನ ವಿಷಯವನ್ನೂ ತಿಳಿಯೋಣ.

ಯಾರು ಈ ಸೋಮೇಶ್ವರ?

ಕಲ್ಯಾಣದ ಚಾಲುಕ್ಯರ ಹೆಸರು ಕೇಳದವರು ಕಡಿಮೆ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅವರ ರಾಜಧಾನಿ. ಆ ವಂಶದ ಅತ್ಯಂತ ಪ್ರಸಿದ್ಧ ದೊರೆ ಆರನೇ ವಿಕ್ರಮಾದಿತ್ಯ. 1076ರಿಂದ 1126ರವರೆಗೆ, ಬರೋಬ್ಬರಿ 50 ವರ್ಷ ಆಳಿದವನು. ತನ್ನದೇ ಹೆಸರಿನ ವಿಕ್ರಮ ಶಕೆ ಆರಂಭಿಸಿದವನು. ಕಾಶ್ಮೀರದ ಕವಿ ಬಿಲ್ಹಣ, ಮಿತಾಕ್ಷರಾ ಎಂಬ ಧರ್ಮಶಾಸ್ತ್ರ ಗ್ರಂಥ ಬರೆದ ವಿಜ್ಞಾನೇಶ್ವರ, ಇಂಥವರಿಗೆಲ್ಲ ಆಶ್ರಯ ಕೊಟ್ಟವನು.

ಈ ವಿಕ್ರಮಾದಿತ್ಯನ ಮಗನೇ ಮೂರನೇ ಸೋಮೇಶ್ವರ. ಬೆಳೆದದ್ದು ವಿದ್ವಾಂಸರ ಆಸ್ಥಾನದಲ್ಲಿ. ತಂದೆಯ ನಂತರ 1126ರ ಹೊತ್ತಿಗೆ ಪಟ್ಟಕ್ಕೆ ಬಂದ. ಭೂಲೋಕಮಲ್ಲ ಎಂಬುದು ಆತನ ಬಿರುದು. ತಂದೆಯಂತೆ ಆತನೂ ತನ್ನ ಹೆಸರಿನಲ್ಲಿ ವರ್ಷಗಳನ್ನು ಎಣಿಸುವ ಪದ್ಧತಿ ಶುರು ಮಾಡಿದ. ತಂದೆಯ ಜೀವನ ಚರಿತ್ರೆಯನ್ನು ವಿಕ್ರಮಾಂಕಾಭ್ಯುದಯ ಎಂಬ ಹೆಸರಿನಲ್ಲಿ ಸಂಸ್ಕೃತದಲ್ಲಿ ಬರೆಯತೊಡಗಿದ. ಅದು ಪೂರ್ತಿಯಾಗಿ ನಮಗೆ ಸಿಕ್ಕಿಲ್ಲ.

ಆತನ ಓದು, ತಿಳಿವಳಿಕೆ ಕಂಡು ಜನ ಸರ್ವಜ್ಞ ಎಂದೂ ಕರೆದರು. ಇಲ್ಲೊಂದು ಗೊಂದಲ ಬೇಡ. ಹಾವೇರಿ ಜಿಲ್ಲೆಯವರಿಗೆ ಸರ್ವಜ್ಞ ಅಂದರೆ ತ್ರಿಪದಿಗಳ ಸರ್ವಜ್ಞನೇ ನೆನಪಾಗುವುದು. ಆ ಕವಿ ಬಂದದ್ದು ಈ ದೊರೆಗಿಂತ ನೂರಾರು ವರ್ಷ ಈಚೆಗೆ. ಹೆಸರು ಒಂದೇ, ವ್ಯಕ್ತಿಗಳು ಬೇರೆ.

ಗುತ್ತಲಕ್ಕೂ ಆತನಿಗೂ ಏನು ಸಂಬಂಧ?

ಆ ಕಾಲದಲ್ಲಿ ಗುತ್ತಲ ಸಣ್ಣ ಊರಾಗಿರಲಿಲ್ಲ, ಒಂದು ರಾಜಮನೆತನದ ನೆಲೆಯಾಗಿತ್ತು. ಗುತ್ತರು ಎಂಬ ಸಾಮಂತರು ಇಲ್ಲಿಂದ ಸುತ್ತಲಿನ ಸೀಮೆಯನ್ನು ಆಳುತ್ತಿದ್ದರು. ಊರಿನ ಹೆಸರೂ ಅವರ ಹೆಸರೂ ಒಂದೇ ಬೇರಿನವು. ತಾವು ಉಜ್ಜಯಿನಿಯ ಗುಪ್ತರ ವಂಶದವರು ಎಂದು ಅವರು ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ಈ ಗುತ್ತರು ಕಲ್ಯಾಣದ ಚಾಲುಕ್ಯರಿಗೆ ಅಧೀನರಾಗಿದ್ದರು. ಹತ್ತಿರದ ಚೌಡದಾನಪುರದಲ್ಲಿ ತುಂಗಭದ್ರೆಯ ದಡದಲ್ಲಿ ನಿಂತಿರುವ ಮುಕ್ತೇಶ್ವರ ದೇವಸ್ಥಾನಕ್ಕೆ ಹೋದವರು ಅವರ ಕಾಲದ ಶಿಲ್ಪವನ್ನೂ ಶಾಸನಗಳನ್ನೂ ಇಂದಿಗೂ ನೋಡಬಹುದು.

ಅಂದರೆ ಸೋಮೇಶ್ವರನ ರಾಜ್ಯದಲ್ಲಿ ತುಂಗಭದ್ರೆಯಂಥ ಹೊಳೆಯೂ ಇತ್ತು, ಕಡಲ ತೀರವೂ ಇತ್ತು. ಗೋವೆಯನ್ನು ಆಳುತ್ತಿದ್ದ ಕದಂಬರ ಇಮ್ಮಡಿ ಜಯಕೇಶಿ ಬೇರೆ ಯಾರೂ ಅಲ್ಲ, ಆರನೇ ವಿಕ್ರಮಾದಿತ್ಯನ ಅಳಿಯ. ರಾಜಧಾನಿ ಕಡಲಿನಿಂದ ದೂರವಿದ್ದರೂ ಅರಮನೆಗೆ ಕಡಲಿನ ನಂಟು ಇತ್ತು.

100 ಅಧ್ಯಾಯಗಳ ಪುಸ್ತಕ

ಸೋಮೇಶ್ವರನ ಹೆಸರು ಇಂದಿಗೂ ಉಳಿದಿರುವುದು ಯುದ್ಧಗಳಿಂದಲ್ಲ, ಮಾನಸೋಲ್ಲಾಸ ಎಂಬ ಗ್ರಂಥದಿಂದ. ಇದಕ್ಕೆ ಅಭಿಲಷಿತಾರ್ಥ ಚಿಂತಾಮಣಿ ಎಂಬ ಹೆಸರೂ ಇದೆ. ರಚನೆಯಾದದ್ದು 1129ರ ಸುಮಾರಿಗೆ, ಸಂಸ್ಕೃತದಲ್ಲಿ. ಒಟ್ಟು 5 ಭಾಗ, ಒಂದೊಂದರಲ್ಲಿ 20 ಅಧ್ಯಾಯ, ಹೀಗೆ 100 ಅಧ್ಯಾಯ. ರಾಜ್ಯ ಪಡೆಯುವುದು ಹೇಗೆ, ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬಲ್ಲಿಂದ ಶುರುವಾಗಿ ಆನೆ, ಕುದುರೆ, ರತ್ನ, ಚಿತ್ರಕಲೆ, ಸಂಗೀತ, ಸುಗಂಧ, ಅಡುಗೆ, ಆಟಗಳವರೆಗೆ ಎಲ್ಲವೂ ಇದರಲ್ಲಿದೆ. ಇಡ್ಲಿ, ದೋಸೆಯ ಇತಿಹಾಸ ಹೇಳುವವರು ಉಲ್ಲೇಖಿಸುವ ಇಡ್ಡರಿಕಾ, ದೋಸಕ ಎಂಬ ತಿನಿಸುಗಳೂ ಇದೇ ಪುಸ್ತಕದವು.

ನಾಲ್ಕನೇ ಭಾಗ ವಿನೋದಗಳದ್ದು. ಕೋಳಿ, ಟಗರು, ಪಾರಿವಾಳ, ನಾಯಿ, ಹೀಗೆ ಪ್ರಾಣಿ ಪಕ್ಷಿಗಳ ಸರದಿ ಅಲ್ಲಿದೆ. ಅದರಲ್ಲೊಂದು ಮತ್ಸ್ಯವಿನೋದ, ಮೀನಿಗೇ ಮೀಸಲಾದ ಅಧ್ಯಾಯ.

ನೆನಪಿಡಿ, ಇದು ಅಕ್ವೇರಿಯಂ ಬಗ್ಗೆ ಬರೆದದ್ದಲ್ಲ. ಗಾಳ ಹಾಕಿ ಮೀನು ಹಿಡಿಯುವ ಆಟದ ಬಗ್ಗೆ ಬರೆದದ್ದು. ಭಾರತದಲ್ಲಿ 900 ವರ್ಷ ಹಿಂದೆಯೇ ಗಾಜಿನ ಅಕ್ವೇರಿಯಂ ಇತ್ತು ಎಂದು ಈ ಪುಸ್ತಕದ ಹೆಸರು ಹೇಳಿ ಯಾರಾದರೂ ಸಂದೇಶ ಕಳಿಸಿದರೆ ಮುಂದಕ್ಕೆ ಕಳಿಸಬೇಡಿ. ಗಾಜಿನ ತೊಟ್ಟಿಯಲ್ಲಿ ಕಡಲ ಜೀವಿಗಳನ್ನಿಟ್ಟು ಅಧ್ಯಯನ ಮಾಡಿದವರಲ್ಲಿ ಮೊದಲಿಗರು ಎಂದು ಹೆಸರಾದವರು ಫ್ರಾನ್ಸ್‌ ಮೂಲದ ಜೀನ್ ವಿಲ್‌ಪ್ರೂ ಪವರ್ ಎಂಬ ಮಹಿಳೆ, ಅದೂ 1830ರ ದಶಕದಲ್ಲಿ. ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆದದ್ದು 1853ರಲ್ಲಿ.

ಹಾಗಾದರೆ ಸೋಮೇಶ್ವರನ ದೊಡ್ಡತನ ಯಾವುದರಲ್ಲಿದೆ? ಆತ ಎಲ್ಲ ಮೀನೂ ಒಂದೇ ಎಂದುಕೊಳ್ಳಲಿಲ್ಲ. ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸಿದ. ಕಡಲಿನದ್ದು ಯಾವುದು, ಹೊಳೆಯದ್ದು ಯಾವುದು ಎಂದು ಬೇರೆ ಮಾಡಿದ. ಹುರುಪೆ ಇರುವುದು, ಇಲ್ಲದ್ದು ಎಂದು ವಿಂಗಡಿಸಿದ. ಎಳ್ಳಿನ ಹಿಂಡಿ, ಹಿಟ್ಟಿನ ಉಂಡೆ, ಮಾಂಸದ ತುಂಡು, ಹೀಗೆ ಬೇರೆ ಬೇರೆ ಮೀನಿಗೆ ಬೇರೆ ಬೇರೆ ಆಹಾರ ಹೇಳಿದ. ನೀರು, ಮೈ, ಆಹಾರ. ಈ ಮೂರೇ ಪ್ರಶ್ನೆಗಳನ್ನು ಪಫರ್ ಮೀನು ಕೊಳ್ಳುವ ಮುನ್ನ ನಾವೂ ಕೇಳಿಕೊಳ್ಳಬೇಕು. ಬಹುಪಾಲು ಪಫರ್ ಮೀನುಗಳು ಮನೆಗೆ ಬಂದ ಮೇಲೆ ಸಾಯುವುದು ಈ ಪ್ರಶ್ನೆ ಕೇಳದೇ ತಂದದ್ದರಿಂದ.

ಮೊದಲ ಪ್ರಶ್ನೆ: ಯಾವ ನೀರಿನ ಮೀನು?

ಹಸಿ ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ನೀರು ಬಿಡುತ್ತದೆ ಅಲ್ಲವೇ? ಉಪ್ಪು ಹೆಚ್ಚಿರುವ ಕಡೆಗೆ ನೀರು ಹರಿಯುತ್ತದೆ. ಕಡಲ ಮೀನಿನ ಮೈಯಲ್ಲೂ ಇದೇ ನಡೆಯುತ್ತದೆ. ಸುತ್ತಲಿನ ಉಪ್ಪು ನೀರು ಅದರ ಮೈಯ ನೀರನ್ನು ಎಳೆಯುತ್ತಲೇ ಇರುತ್ತದೆ. ಅದಕ್ಕಾಗಿ ಅದು ಕಡಲ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ಅದೇ ಮೀನನ್ನು ಸಿಹಿ ನೀರಿಗೆ ಬಿಟ್ಟರೆ ಎಲ್ಲ ತಿರುವು ಮುರುವು. ನೀರು ಮೈಯೊಳಗೆ ನುಗ್ಗುತ್ತದೆ, ಮೀನು ಉಳಿಯುವುದಿಲ್ಲ.

ನಮ್ಮ ಕಡೆ ಬೋರ್‌ವೆಲ್ ನೀರು ಉಪ್ಪುಪ್ಪಾಗಿಯೇ ಇರುತ್ತದಲ್ಲ, ಅದು ಸಾಕಾಗದೇ ಎಂದು ಕೇಳಬಹುದು. ಸಾಲದು. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಬೇರೆ ಮೂಲವಿಲ್ಲದಾಗ ಒಪ್ಪುವ ಗರಿಷ್ಠ ಟಿಡಿಎಸ್ ಲೀಟರಿಗೆ 2,000 ಮಿಲಿಗ್ರಾಂ, ಅಂದರೆ 2 ಗ್ರಾಂ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಎಲ್ಲಿಯ 2, ಎಲ್ಲಿಯ 35!

ಅಡುಗೆ ಉಪ್ಪು ಹಾಕಿದರೆ ಆಗದೇ? ಅದೂ ತಪ್ಪು. ಅಡುಗೆ ಉಪ್ಪು ಬಹುತೇಕ ಸೋಡಿಯಂ ಕ್ಲೋರೈಡ್ ಮಾತ್ರ. ಕಡಲಿನಲ್ಲಿ ಮೆಗ್ನೀಶಿಯಂ, ಕ್ಯಾಲ್ಸಿಯಂ, ಪೊಟ್ಯಾಶಿಯಂ ಎಲ್ಲವೂ ಇವೆ. ಅಕ್ವೇರಿಯಂಗೆಂದೇ ಸಿಗುವ ಸಮುದ್ರ ಲವಣದ ಮಿಶ್ರಣವನ್ನು ಆರ್‌ಒ ನೀರಿಗೆ ಬೆರೆಸಿ, ಉಪ್ಪಿನ ಪ್ರಮಾಣವನ್ನು ಮಾಪಕದಿಂದ ಅಳೆಯಬೇಕು.

ಇನ್ನೊಂದು ಎಚ್ಚರಿಕೆ. ಮೈಮೇಲೆ ಕಪ್ಪು ಚುಕ್ಕೆಯ ಹಸಿರು ಪಫರ್ ಮರಿಗಳನ್ನು ಸಿಹಿ ನೀರಿನ ಮೀನು ಎಂದು ಮಾರುವುದುಂಟು. ನಿಜವಾಗಿ ಅದು ಅಳಿವೆಯ ಮೀನು. ಅಳಿವೆ ಎಂದರೆ ಅಘನಾಶಿನಿಯಂಥ ನದಿ ಕಡಲು ಸೇರುವ ಜಾಗ, ಅಲ್ಲಿ ಸಿಹಿ ನೀರಿಗೆ ಉಪ್ಪು ನೀರು ಬೆರೆತಿರುತ್ತದೆ. ಬೆಳೆದಂತೆ ಈ ಮೀನಿಗೆ ಉಪ್ಪು ಹೆಚ್ಚು ಬೇಕು. ಸಿಹಿ ನೀರಲ್ಲೇ ಇಟ್ಟರೆ ಸೊರಗಿ ಬೇಗ ಸಾಯುತ್ತದೆ.

ಎರಡನೇ ಪ್ರಶ್ನೆ: ಮೈ ಎಂಥದ್ದು, ಎಷ್ಟು ಬೆಳೆಯುತ್ತದೆ?

ಪಫರ್ ಮೀನಿಗೆ ಬೇರೆ ಮೀನುಗಳಂತೆ ಹುರುಪೆಯ ಹೊದಿಕೆ ಇಲ್ಲ. ಬರೀ ಚರ್ಮ, ಅದರಲ್ಲಿ ಸಣ್ಣ ಮುಳ್ಳುಗಳು. ಹಾಗಾಗಿ ಮೀನಿನ ರೋಗಕ್ಕೆ ಹಾಕುವ ತಾಮ್ರದಂಥ ಔಷಧಿಗಳು ಇದಕ್ಕೆ ಬೇಗ ಏರುಪೇರು ಮಾಡುತ್ತವೆ. ಬೇರೆ ಮೀನಿಗೆ ಕೊಟ್ಟ ಔಷಧಿಯನ್ನೇ ಅಳತೆ ನೋಡದೆ ಇದಕ್ಕೂ ಹಾಕಬಾರದು.

ಅಂಗಡಿಯಲ್ಲಿ ಬೆರಳುದ್ದ ಇದ್ದದ್ದು ಹಾಗೇ ಇರುವುದಿಲ್ಲ. ವ್ಯಾಲೆಂಟಿನಿ ಎಂಬ ಸಣ್ಣ ಜಾತಿ ಸುಮಾರು 10 ಸೆಂ.ಮೀ.ಗೆ ನಿಲ್ಲುತ್ತದೆ. ನಾಯಿಮರಿಯ ಮುಖದಂತೆ ಕಾಣುವ ಡಾಗ್‌ಫೇಸ್ ಪಫರ್ 30 ಸೆಂ.ಮೀ. ದಾಟಬಹುದು. ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಎಂಬುದು 50 ಸೆಂ.ಮೀ.ವರೆಗೂ ಹೋಗುತ್ತದೆ. ಸಣ್ಣ ಜಾತಿಗೇ ಕನಿಷ್ಠ 110–120 ಲೀಟರಿನ ತೊಟ್ಟಿ ಬೇಕು. ಡಾಗ್‌ಫೇಸ್‌ಗೆ 400–500 ಲೀಟರ್ ಬೇಕು.

ಲೆಕ್ಕ ಹಾಕಿ ನೋಡಿ. 450 ಲೀಟರ್ ನೀರಿನ ತೂಕವೇ 450 ಕೆ.ಜಿ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ ಅರ್ಧ ಟನ್ ದಾಟುತ್ತದೆ. ಲೀಟರಿಗೆ 35 ಗ್ರಾಂನಂತೆ ಮೊದಲ ಸಲವೇ ಸುಮಾರು 16 ಕೆ.ಜಿ. ಸಮುದ್ರ ಲವಣ ಬೇಕು. ವಾರಕ್ಕೆ ಹತ್ತನೇ ಒಂದು ಭಾಗ ನೀರು ಬದಲಿಸಿದರೂ ಪ್ರತಿ ವಾರ ಒಂದೂವರೆ ಕೆ.ಜಿ.ಗಿಂತ ಹೆಚ್ಚು ಲವಣ ಖರ್ಚು. ಚೆನ್ನಾಗಿ ನೋಡಿಕೊಂಡರೆ ಈ ಮೀನು 10 ವರ್ಷದವರೆಗೂ ಬದುಕಬಹುದು. ಅಂದರೆ ಈ ಖರ್ಚೂ 10 ವರ್ಷದ್ದು.

ಮೂರನೇ ಪ್ರಶ್ನೆ: ಏನು ತಿನ್ನುತ್ತದೆ?

ಪಫರ್ ಮೀನಿನ ಬಾಯಲ್ಲಿ ಗಿಳಿಯ ಕೊಕ್ಕಿನಂತೆ ಕೂಡಿಕೊಂಡ ನಾಲ್ಕು ಹಲ್ಲುಗಳಿವೆ. ಇದರ ಕುಟುಂಬದ ವೈಜ್ಞಾನಿಕ ಹೆಸರಿನ ಅರ್ಥವೇ ನಾಲ್ಕು ಹಲ್ಲಿನದು ಎಂದು. ಈ ಹಲ್ಲುಗಳು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಕಡಲಿನಲ್ಲಿ ಚಿಪ್ಪು, ಏಡಿ, ಬಸವನಹುಳು ಕಡಿದು ತಿನ್ನುವಾಗ ಅವು ತಾವಾಗಿಯೇ ಸವೆಯುತ್ತವೆ. ಮನೆಯಲ್ಲಿ ಬರೀ ಮೆತ್ತನೆಯ ಕಾಳು ಆಹಾರ ಹಾಕಿದರೆ ಹಲ್ಲು ಉದ್ದವಾಗಿ ಬಾಯಿ ಮುಚ್ಚಲಾಗದೆ ಮೀನು ಉಪವಾಸ ಸಾಯುತ್ತದೆ. ತಟ್ಟೆ ತುಂಬ ಊಟ ಹಾಕಿಯೂ ಉಪವಾಸ ಕೆಡವಿದಂತೆ. ಆದ್ದರಿಂದ ಸಿಪ್ಪೆ ಸಮೇತ ಸಿಗಡಿ, ಚಿಪ್ಪಿನ ಮೃದ್ವಂಗಿ ಕೊಡಬೇಕು. ಇದನ್ನೇ ತಿನ್ನುವುದರಿಂದ ಜೊತೆಗಿರುವ ಸಿಗಡಿ, ಬಸವನಹುಳು ಉಳಿಯುವುದಿಲ್ಲ, ಸಣ್ಣ ಮೀನುಗಳ ರೆಕ್ಕೆಯನ್ನೂ ಕಚ್ಚುತ್ತದೆ. ತೊಟ್ಟಿಗೆ ಕೈ ಹಾಕುವಾಗ ನಿಮ್ಮ ಬೆರಳೂ ಜೋಪಾನ.

ಸೋಮೇಶ್ವರನ ಕಾಲಕ್ಕೆ ತಿಳಿಯದ ಸಂಗತಿ

ಹೊಳೆಯಲ್ಲಿ ಮೀನಿನ ಹೇಲು, ಉಳಿದ ಆಹಾರ ನೀರಿನೊಂದಿಗೆ ಹೋಗಿಬಿಡುತ್ತದೆ. ಗಾಜಿನ ತೊಟ್ಟಿಯಲ್ಲಿ ಅದು ಅಲ್ಲೇ ಕೊಳೆತು ಅಮೋನಿಯ ಆಗುತ್ತದೆ. ಅಮೋನಿಯ ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಮಾಡುತ್ತದೆ. ಈ ಒಳ್ಳೆಯ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಇವತ್ತು ತೊಟ್ಟಿ, ನಾಳೆ ಮೀನು ಎಂದರೆ ಮೀನನ್ನು ಅದರದೇ ಹೊಲಸಿನಲ್ಲಿ ಮುಳುಗಿಸಿದಂತೆ. ಪಫರ್ ಮೀನು ತಿನ್ನುವಾಗ ಚೆಲ್ಲಾಡುವುದೂ ಹೆಚ್ಚು, ಹಾಗಾಗಿ ಶೋಧಕ ಬಲವಾಗಿರಬೇಕು. ಕರೆಂಟ್ ಹೋದಾಗ ಪಂಪ್ ನಿಲ್ಲದಂತೆ ಬ್ಯಾಟರಿ ವ್ಯವಸ್ಥೆಯೂ ಬೇಕು.

ವಿಷದ ವಿಷಯ: ಸುಳ್ಳೆಷ್ಟು, ನಿಜವೆಷ್ಟು?

ಪಫರ್ ಮೀನು ಇರುವ ನೀರು ಮುಟ್ಟಿದರೆ ಸಾವು ಎಂಬುದು ಸುಳ್ಳು. ತಿಂದರೆ ಸಾವು ಬರಬಹುದು ಎಂಬುದು ನಿಜ. ಅನೇಕ ಜಾತಿಗಳ ಪಿತ್ತಜನಕಾಂಗ, ಅಂಡಾಶಯ, ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷ ಇರುತ್ತದೆ. ಅದು ನರಗಳ ಸಂದೇಶವನ್ನೇ ತಡೆಯುತ್ತದೆ. ಮೊದಲು ತುಟಿ, ನಾಲಿಗೆ ಜೋಮು ಹಿಡಿಯುತ್ತದೆ, ಆಮೇಲೆ ಕೈಕಾಲು ಸೋಲುತ್ತವೆ, ಕೊನೆಗೆ ಉಸಿರಾಟ ನಿಲ್ಲಬಹುದು. ಬೇಯಿಸಿದರೂ ಹುರಿದರೂ ಈ ವಿಷ ಹೋಗುವುದಿಲ್ಲ. ಇದಕ್ಕೆ ಪ್ರತಿವಿಷ ಇಲ್ಲ. ಹುಣಸೆ ನೀರು, ಮಜ್ಜಿಗೆ ಎಂದು ಕಾಯುತ್ತ ಕೂರದೆ ತಕ್ಷಣ 108ಕ್ಕೆ ಕರೆ ಮಾಡಬೇಕು. ವಿಷ ಇಳಿಯುವವರೆಗೆ ಕೃತಕ ಉಸಿರಾಟ ಕೊಟ್ಟರೆ ಜೀವ ಉಳಿಯುವ ಅವಕಾಶವಿದೆ.

1774ರಲ್ಲಿ ನಾವಿಕ ಜೇಮ್ಸ್ ಕುಕ್ ನ್ಯೂ ಕ್ಯಾಲೆಡೋನಿಯಾ ದ್ವೀಪದ ಬಳಿ ಇಂಥದ್ದೇ ಮೀನಿನ ರುಚಿ ನೋಡಿ ಕೈಕಾಲಿನ ಸ್ವಾಧೀನ ಕಳೆದುಕೊಂಡು, ಅದೃಷ್ಟಕ್ಕೆ ಬದುಕಿದ. ಅದರ ಒಳಭಾಗ ತಿಂದ ಹಂದಿ ಸತ್ತಿತು. ಹಾಗಾಗಿ ಸತ್ತ ಪಫರ್ ಮೀನನ್ನು ಬೆಕ್ಕು, ನಾಯಿಗೆ ಎಸೆಯಬೇಡಿ. ಆಳವಾಗಿ ಹೂಳಿ. ಬದುಕಿರುವುದು ಬೇಡವಾಯಿತೆಂದು ಕೆರೆಗೋ ತುಂಗಭದ್ರೆಗೋ ಬಿಡಲೂಬೇಡಿ.

ಇನ್ನು ಉಬ್ಬುವ ವಿಡಿಯೊ. ಪಫರ್ ಉಬ್ಬುವುದು ಖುಷಿಗಲ್ಲ, ಜೀವಭಯಕ್ಕೆ. ಗಬಗಬ ನೀರು ನುಂಗಿ ಮೈ ಹಿಗ್ಗಿಸುತ್ತದೆ. ವ್ಯಾಲೆಂಟಿನಿ ಪಫರ್ ಮೇಲೆ ಆಸ್ಟ್ರೇಲಿಯಾದ ವಿಜ್ಞಾನಿಗಳು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಮ್ಮೆ ಉಬ್ಬಿದ ಮೀನಿನ ಮೈ ಮೊದಲಿನ ಸ್ಥಿತಿಗೆ ಬರಲು ಸರಾಸರಿ 5 ಗಂಟೆಗೂ ಹೆಚ್ಚು ಬೇಕಾಯಿತು. ನೀರಿನಿಂದ ಹೊರಗೆತ್ತಿದರೆ ಗಾಳಿ ನುಂಗುತ್ತದೆ. ಆ ಗಾಳಿಯನ್ನು ಹೊರಹಾಕಲಾಗದೆ ಸಾಯಲೂಬಹುದು. ನಾವು ನಗುತ್ತ ಹಂಚುವ ಹತ್ತು ಸೆಕೆಂಡಿನ ವಿಡಿಯೊ ಆ ಮೀನಿಗೆ ಪ್ರಾಣಸಂಕಟ.

ದೊರೆ ಹೋದ, ಪುಸ್ತಕ ಉಳಿಯಿತು

ಸೋಮೇಶ್ವರ ಆಳಿದ್ದು 12 ವರ್ಷದಷ್ಟು ಮಾತ್ರ. ಆತನ ಕಾಲದಲ್ಲೇ ದಕ್ಷಿಣದಲ್ಲಿ ಹೊಯ್ಸಳರ ವಿಷ್ಣುವರ್ಧನ ಬಲಿಯುತ್ತಿದ್ದ. 1138ರಲ್ಲಿ ಸೋಮೇಶ್ವರನ ಆಳ್ವಿಕೆ ಮುಗಿಯಿತು, ಮಗ ಇಮ್ಮಡಿ ಜಗದೇಕಮಲ್ಲ ಪಟ್ಟಕ್ಕೆ ಬಂದ. ಎರಡು ದಶಕ ಕಳೆಯುವಷ್ಟರಲ್ಲಿ ಕಲ್ಯಾಣ ಕಳಚೂರಿ ಬಿಜ್ಜಳನ ಕೈಗೆ ಜಾರಿತು. ಬಸವಣ್ಣನವರ ಕಲ್ಯಾಣ ಎಂದು ನಾವು ನೆನೆಯುವುದು ಇದೇ ಊರನ್ನು.

ರಾಜ್ಯ ಹೋದರೂ ಪುಸ್ತಕ ತಾಳೆಗರಿ, ಹಸ್ತಪ್ರತಿಗಳಲ್ಲಿ ಉಳಿಯಿತು. 1920ರ ದಶಕದಲ್ಲಿ ಮೈಸೂರು, ಬರೋಡಾಗಳಲ್ಲಿ ಅಚ್ಚಾಗತೊಡಗಿತು. ಮತ್ಸ್ಯವಿನೋದವನ್ನು ವಿಜ್ಞಾನಿಯ ಕಣ್ಣಿನಿಂದ ಓದಿ 1951ರಲ್ಲಿ ಪ್ರಬಂಧ ಬರೆದವರು ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ. ಸೋಜಿಗವೆಂದರೆ, ಅದಕ್ಕೂ 10 ವರ್ಷ ಮೊದಲು, 1941ರಲ್ಲಿ, ಕೆ.ಕೆ. ನಾಯರ್ ಅವರೊಂದಿಗೆ ಸೇರಿ ಪುಟ್ಟ ಪಫರ್ ಮೀನೊಂದನ್ನು ವಿಜ್ಞಾನ ಲೋಕಕ್ಕೆ ಪರಿಚಯಿಸಿದವರೂ ಇದೇ ಹೋರಾ. ಅದು ಪಶ್ಚಿಮ ಘಟ್ಟದ ಹೊಳೆಗಳ ಸಿಹಿ ನೀರಿನ ಮಲಬಾರ್ ಪಫರ್. ಉದ್ದ ಬರೀ 3 ಸೆಂ.ಮೀ. ಆಸುಪಾಸು. ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊಳೆಯಿಂದ ಹಿಡಿಯುವುದು ಹೆಚ್ಚಾಗಿ, ಇಂದು ಅದು ಅಪಾಯದ ಅಂಚಿನ ಜಾತಿಗಳ ಜಾಗತಿಕ ಪಟ್ಟಿ ಸೇರಿದೆ. ಕಡಲ ಪಫರ್ ಬದಲು ಇದನ್ನು ತರೋಣ ಎಂದರೂ, ಹೊಳೆಯಿಂದ ಹಿಡಿದದ್ದಲ್ಲ, ಸಾಕಾಣಿಕೆಯಲ್ಲೇ ಮರಿ ಮಾಡಿಸಿದ್ದು ಎಂದು ಖಾತ್ರಿಯಾದರೆ ಮಾತ್ರ ತರುವುದು ಸರಿ.

ಹಾಗಾದರೆ ತರಬೇಕೋ ಬೇಡವೋ?

ತೊಟ್ಟಿಗೆ ಜಾಗ, 10 ವರ್ಷದ ಖರ್ಚು, ವಾರವಾರದ ನೀರು ಬದಲಾವಣೆ, ಚಿಪ್ಪಿನ ಆಹಾರ, ಕರೆಂಟಿನ ವ್ಯವಸ್ಥೆ. ಇವೆಲ್ಲಕ್ಕೂ ಹೌದು ಎನ್ನುವವರು ಮೊದಲು ತೊಟ್ಟಿ ಸಿದ್ಧಮಾಡಿ, ಒಂದೂವರೆ ತಿಂಗಳು ನೀರು ಪರೀಕ್ಷಿಸಿ, ಆಮೇಲೆ ಮೀನು ತನ್ನಿ. ಒಂದಕ್ಕಾದರೂ ಇಲ್ಲ ಎಂದರೆ ಗಪ್ಪಿ, ಮೋಲಿಯಂಥ ಸುಲಭದ ಮೀನು ಸಾಕಿ, ಪಫರ್ ಮೀನನ್ನು ಕಡಲಲ್ಲೇ ಇರಲು ಬಿಡಿ.

ಗಾಳ ಹಾಕಿ ಮೀನು ಹಿಡಿಯುವ ಆಟಕ್ಕೇ ಒಬ್ಬ ಚಕ್ರವರ್ತಿ ಮೀನಿನ ನೀರು ಯಾವುದು, ಮೈ ಎಂಥದ್ದು, ಆಹಾರ ಏನು ಎಂದು ಕುಳಿತು ಬರೆದ. ಮನೆಯ ಸದಸ್ಯನಂತೆ ಸಾಕಲು ಹೊರಟ ನಾವು ಅಷ್ಟಾದರೂ ವಿಚಾರಿಸಬೇಡವೇ? ನಿಮ್ಮ ಗ್ರೂಪಿಗೆ ಉಬ್ಬುವ ಮೀನಿನ ವಿಡಿಯೊ ಮತ್ತೆ ಬಂದರೆ, ಅದರ ಕೆಳಗೆ ಈ ಮಾಹಿತಿಯನ್ನೂ ಹಂಚಿಕೊಳ್ಳಿ.